ಸಿಹಿನೀರಿಗೆ ತಕ್ಕ ಯಂತ್ರ

ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲ ಹಿಂದೆ, ಔಷಧ ಹೊಡೆಯುವ ಪಂಪಿನ ಪಕ್ಕಕ್ಕೆ ಒಂದು ಉದ್ದನೆಯ ಕೋಲು ನಿಂತಿದೆ. ಕೆಳತುದಿಯಲ್ಲಿ ಊಟದ ತಟ್ಟೆಗಿಂತ ಚಿಕ್ಕದಾದ ಕಪ್ಪು ಬಳೆ, ಮೇಲ್ತುದಿಯಲ್ಲಿ ಮೊಣಕೈ ಊರಲು ಒಂದು ಆಸರೆ, ನಡುವೆ ಅಂಗೈಯಗಲದ ಪರದೆ. ಮನೆಗೆ ಬಂದವರಲ್ಲಿ ಅರ್ಧ ಜನ ಅದನ್ನು ಕಳೆ ಕತ್ತರಿಸುವ ಹೊಸ ಮಷಿನು ಎಂದುಕೊಳ್ಳುತ್ತಾರೆ. ಬಾಡಿಗೆಗೆ ಕೊಡುತ್ತೀರಾ ಎಂದು ಒಬ್ಬರು ಕೇಳಿಯೂ ಇದ್ದಾರೆ. ಉಳಿದ ಅರ್ಧ ಜನಕ್ಕೆ ಅದು ಏನೆಂದು ಗೊತ್ತು. ಅವರು ಕೇಳುವುದಿಲ್ಲ, ನನ್ನ ಮುಖ ನೋಡುತ್ತಾರೆ. ತುಕ್ಕಾನಟ್ಟಿಯಲ್ಲಿ ಲೋಹಶೋಧಕ ಇಟ್ಟುಕೊಂಡವಳು ನಾನೊಬ್ಬಳೇ. ಲೋಹಶೋಧಕ ಎಂಬ ಪದ ಬಳಸುವವಳೂ ನಾನೊಬ್ಬಳೇ. ಊರಿಗೆ ಅದು ಡಿಟೆಕ್ಟರು, ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಬರೀ 'ಆ ಕೋಲು'.

ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಮಾತು ಕಡಿಮೆ. ಮನೆಯ ಸಂಗತಿಯನ್ನು ಹೊರಗೆ ಆಡುವುದು ನನಗೆ ಆಗಿಬರುವುದಿಲ್ಲ. ಆದರೂ ಇಷ್ಟನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಈ ಕೋಲಿನ ಬಗ್ಗೆ ಊರು ಹೇಳುವ ಕಥೆ ತಪ್ಪು. ಆ ಕಥೆಯಲ್ಲಿ ನಾನು ನಿಧಿ ಹುಡುಕುವವಳು. ನನಗೆ ನಿಧಿ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದು ಕೂಸಿನ ಉಡದಾರ.

ಅದಕ್ಕೆ ಮೊದಲು ಯಂತ್ರ ಆರಿಸಿದ ವಿಷಯ ಹೇಳಬೇಕು. ಒಂದು ಇಡೀ ಮಳೆಗಾಲ ಅದನ್ನೇ ಮಾಡಿದೆ. ಅದೇ ಮಳೆಗಾಲದಲ್ಲಿ ಮನೆಯವರು ನನಗೆ ವರ ಹುಡುಕುತ್ತಿದ್ದರು. ಅವಲಕ್ಕಿ ತಿಂದು ಚಹಾ ಕುಡಿಯುವಷ್ಟರಲ್ಲಿ ಒಬ್ಬ ಮನುಷ್ಯ ಜನ್ಮಕ್ಕೆ ತಕ್ಕವನೋ ಅಲ್ಲವೋ ಎಂದು ಅವರು ತೀರ್ಮಾನಿಸುತ್ತಿದ್ದರು. ನಾನು ಒಂದು ಕೋಲು ಮೊಣಕಾಲು ನೀರಿಗೆ ತಕ್ಕದ್ದೋ ಅಲ್ಲವೋ ಎಂದು ನಾಲ್ಕು ತಿಂಗಳು ತೂಗಿದೆ. ಇಬ್ಬರಲ್ಲಿ ಯಾರ ವಿಧಾನ ಸರಿ ಎಂಬ ಬಗ್ಗೆ ನನಗೆ ಈಗಲೂ ಅನುಮಾನವಿಲ್ಲ.

ಮೊದಲ ಪ್ರಶ್ನೆ ನೀರಿನದು. ಸಮುದ್ರದ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುತ್ತದೆ. ಸಾದಾ ಯಂತ್ರ ಅಲ್ಲಿ ನೀರನ್ನೇ ಲೋಹವೆಂದು ತಿಳಿದು ಕಿರುಚತೊಡಗುತ್ತದೆ. ಅದಕ್ಕಾಗಿ ಪಲ್ಸ್ ಎಂಬ ಬೇರೆ ಜಾತಿಯ ಯಂತ್ರಗಳಿವೆ. ಆಳದ ಮಾತು ಕೇಳಿಸಿಕೊಳ್ಳುತ್ತವೆ, ಆದರೆ ಕಬ್ಬಿಣ ಯಾವುದು ಬೆಳ್ಳಿ ಯಾವುದು ಎಂದು ಬಿಡಿಸಿ ಹೇಳುವುದು ಅವಕ್ಕೆ ಬಾರದು. ನಮ್ಮ ಘಟಪ್ರಭೆ ಸಿಹಿನೀರು. ನೀರಿನ ತಕರಾರಿಲ್ಲ. ತಕರಾರಿರುವುದು ಕಬ್ಬಿಣದ್ದು. ಧುಪದಾಳದ ಒಡ್ಡಿನ ಕೆಳಗೆ ಬಂಡೆಗಳ ಸಂದಿನಲ್ಲಿ ಮೊಳೆ, ಸರಪಳಿ, ಚಕ್ಕಡಿಯ ಕಡಾಣಿ ಎಷ್ಟೋ ಕಾಲದಿಂದ ಬಿದ್ದಿವೆ. ಹಾಗಾಗಿ ಕಬ್ಬಿಣಕ್ಕೆ ಒಂದು ದನಿ, ಬೆಳ್ಳಿಗೆ ಒಂದು ದನಿ ತೆಗೆಯುವ ಯಂತ್ರವೇ ಬೇಕು.

ಎರಡನೆಯದು, ಸರದಂಥ ಸಾಮಾನು ಈ ಯಂತ್ರಗಳಿಗೆ ಬಹಳ ಕಷ್ಟ. ನಮಗೆ ಅದು ಒಂದು ವಸ್ತು, ಯಂತ್ರಕ್ಕೆ ನೂರು ಸಣ್ಣ ಕೊಂಡಿಗಳು. ಒಂದೊಂದನ್ನೂ ಬೇರೆಯಾಗಿ ಕೇಳಿ, ಇಷ್ಟು ಸಣ್ಣದಕ್ಕೆ ಯಾರು ಬಾಯಿ ತೆರೆಯಬೇಕು ಎಂದು ಸುಮ್ಮನಾಗಿಬಿಡುತ್ತದೆ. ಅದಕ್ಕೆ ಹೆಚ್ಚಿನ ಆವರ್ತನ ಬೇಕು. ಬಂಡೆಗಳ ಸಂದಿಗೆ ಇಳಿಯಲು ಬಳೆ ಚಿಕ್ಕದಿರಬೇಕು. ಮೂರನೆಯದನ್ನು ಅಂಗಡಿಯವನ ಬಾಯಿಂದ ಹೊರಡಿಸಲು ಮೂರು ಸಲ ಫೋನು ಮಾಡಬೇಕಾಯಿತು.

"ಫುಲ್ ವಾಟರ್‌ಪ್ರೂಫ್ ಮೇಡಂ," ಎಂದ ಅವನು.

"ಬಳೆ ಮಾತ್ರವೋ, ಪರದೆ ಇರೋ ಮೇಲಿನ ಡಬ್ಬಿಯೂನೋ?"

"ಫುಲ್ ಮೇಡಂ."

"ಡಬ್ಬಿ ನೀರಲ್ಲಿ ಮುಳುಗಿದರೆ?"

"ಡಬ್ಬಿ ಯಾಕೆ ಮುಳುಗಿಸ್ತೀರಾ ಮೇಡಂ?"

ಡಬ್ಬಿಯೂ ಮುಳುಗಬಲ್ಲ ಯಂತ್ರವನ್ನೇ ಕೊನೆಗೆ ತರಿಸಿದೆ. ಬಂದ ದಿನ ಆಯಿ ಹೊರಸಿನ ಮೇಲೆ ಕೂತು, ಅಡಿಕೆ ಕತ್ತರಿಸುತ್ತ, ಅದನ್ನು ಮೇಲಿಂದ ಕೆಳಗೆ ನೋಡಿದಳು. "ಏನ ಹುಡಕತೈತಿ ಅದು?"

"ಕಳದದ್ದು."

"ಹಂಗಾದ್ರ ಕಣಗಲಾಕ್ಕ ಒಯ್ಯಬೇಕಲ್ಲ ನೀ, ಹೊಳಿಗ್ಯಾಕ?"

ಈ ಮಾತು ತಿಳಿಯಬೇಕಾದರೆ ಕೌದಿಯ ವಿಷಯಕ್ಕೆ ಬರಬೇಕು.

ನಮ್ಮ ಕಡೆ ಕೌದಿಗೆ ಹೊಟ್ಟೆಯಿದೆ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರಪದರವಾಗಿ ಹಾಸಿ ಅಂಚಿನಿಂದ ಹೊಲಿಯುತ್ತ ಒಳಕ್ಕೆ ಬರುತ್ತಾರೆ. ನಡುವೆ ಅಂಗೈಯಗಲ ಜಾಗ ಉಳಿದಾಗ ಅದರೊಳಗೆ ಒಂದು ಚೂರು ಹೋಳಿಗೆಯನ್ನೋ ರೊಟ್ಟಿಯನ್ನೋ ಇಟ್ಟು ಮುಚ್ಚುತ್ತಾರೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಚಿಕ್ಕವಳಿದ್ದಾಗ ನನಗೆ ಇದರ ಮೇಲೆ ಬಹಳ ನಂಬಿಕೆ. ಕೌದಿಯ ನಡುವಿಗೆ ಕಿವಿಯಿಟ್ಟು ಅದರ ಹೊಟ್ಟೆ ಗುರ್ ಎನ್ನುತ್ತದೋ ಎಂದು ಕೇಳುತ್ತಿದ್ದೆ. ಕಳೆದುಹೋದದ್ದಕ್ಕೆ ಕಿವಿಗೊಡುವ ಚಟ ಅಲ್ಲಿಂದಲೇ ಹತ್ತಿರಬೇಕು.

ಆಯಿ ಒಂದು ಕೌದಿಯಲ್ಲಿ ಹೋಳಿಗೆಯ ಜತೆಗೆ ಬೆಳ್ಳಿಯ ಉಡದಾರವನ್ನೂ ಇಟ್ಟು ಹೊಲಿದಿದ್ದಳು. ಅಪ್ಪ ಕೂಸಾಗಿದ್ದಾಗ ಸೊಂಟಕ್ಕೆ ಕಟ್ಟಿದ್ದು. ಮೊಮ್ಮಗನಿಗೆಂದು ಕಾದಿಟ್ಟದ್ದು. ಹುಟ್ಟಿದವಳು ನಾನು. "ಗಂಡು ಹುಟ್ಟಿದಾಗ ಬಿಚ್ಚೂಣು" ಎಂದು ಹೊಲಿದು ಮುಚ್ಚಿದಳಂತೆ. ಗಂಡು ಹುಟ್ಟಲಿಲ್ಲ. ಅವ್ವನಿಗೆ ಕೌದಿಯಲ್ಲಿ ಬೆಳ್ಳಿಯಿದೆ ಎಂದು ಯಾರೂ ಹೇಳಿರಲಿಲ್ಲ.

ಮಾನಮಿಗೆ, ಅಂದರೆ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಯೆಲ್ಲ ಹೊಳೆಗೆ ಹೋಗುತ್ತದೆ. ನನಗೆ ಏಳು ವರ್ಷವಿದ್ದಾಗಿನ ಮಾತು. ಓಣಿಯ ಹೆಂಗಸರೆಲ್ಲ ಟ್ರ್ಯಾಕ್ಟರಿನಲ್ಲಿ ಕೌದಿಗಳ ಮೇಲೆ ಕೂತು ಧುಪದಾಳಕ್ಕೆ ಹೋದೆವು. ನೆನೆದ ಕೌದಿ ಒಬ್ಬರಿಂದ ಏಳುವಂಥದ್ದಲ್ಲ. ಇಬ್ಬರು ಎದುರುಬದುರು ನಿಂತು ಹಿಂಡಬೇಕು, ಹಿಂಡುವಾಗ ನಗು ತಡೆಯಬೇಕು, ಇಲ್ಲದಿದ್ದರೆ ಇಬ್ಬರೂ ನೀರಿಗೆ. ಅವ್ವ ಹಳದಿ ಅಂಚಿನ ಕೌದಿಯನ್ನು ಬಂಡೆಗೆ ಬಡಿಯುತ್ತಿದ್ದದ್ದು, ಒಡ್ಡಿನ ಮೇಲಿಂದ ನೀರು ಹೊರಳುವ ಸದ್ದು, ನನ್ನ ಕಾಲ ಬೆರಳಿಗೆ ಮೀನು ಕಚಗುಳಿಯಿಟ್ಟದ್ದು ಎಲ್ಲ ನೆನಪಿದೆ. ಕೌದಿ ಒಣಗಿ ಮನೆಗೆ ಬಂದ ಮೇಲೆ ಆಯಿ ಅದರ ನಡುವೆ ಕೈಯಾಡಿಸಿದಳು. ಹೊಲಿಗೆ ಬಿಟ್ಟಿತ್ತು. ಒಳಗೆ ಏನೂ ಇರಲಿಲ್ಲ.

"ಬೆಳ್ಳಿ ಎಲ್ಲಿ?" ಎಂದಳು ಆಯಿ.

"ಯಾವ ಬೆಳ್ಳಿರಿ ಅತ್ತಿ?" ಎಂದಳು ಅವ್ವ.

ಅದೇ ವಾರ ಕಣಗಲಾದಿಂದ ನನ್ನ ಸೋದರಮಾವ ಬಂದು ಅವ್ವನಿಗೆ ಹಬ್ಬದ ಸೀರೆ ಕೊಟ್ಟು ಹೋಗಿದ್ದ. ಕಣಗಲಾ ಅವ್ವನ ತವರು. ಬೆಳ್ಳಿ ಅವನ ಜೇಬಿನಲ್ಲಿ ತವರಿಗೆ ಹೋಯಿತು ಎನ್ನಲು ಆಯಿಗೆ ಅಷ್ಟು ಸಾಕಾಯಿತು. ಆಯಿಯ ದನಿ ಏರುತ್ತಿದ್ದಂತೆ ನಾನು ಇಬ್ಬರ ನಡುವೆ ಹೋಗಿ ನಿಂತು ಹೇಳಿದೆ: "ನಾ ನೋಡೇನಿ. ಹೊಳೀತು. ನೀರಾಗ ಬಿತ್ತು."

ಖರೆಯಾಗಿ ನೋಡಿದ್ದೆನೆ? ಏನೋ ಹೊಳೆದದ್ದು ನನ್ನ ಕಣ್ಣಲ್ಲಿ ಇವತ್ತಿಗೂ ಇದೆ. ಅದರ ಜತೆಗೆ ಅವ್ವನನ್ನು ಉಳಿಸಬೇಕು ಎಂಬುದೂ ಇತ್ತು. ಏಳು ವರ್ಷದವಳಿಗೆ ಇವೆರಡರ ನಡುವೆ ಗೋಡೆ ಇರುವುದಿಲ್ಲ. ನನ್ನ ಸಾಕ್ಷಿಯಿಂದ ಆದದ್ದು ಇಷ್ಟೇ. ಆಯಿ ನನ್ನನ್ನು ನೋಡಿ, ಅವ್ವನನ್ನು ನೋಡಿ, "ಕೂಸಿಗೂ ಚಲೋ ಕಲಿಸೀ" ಎಂದಳು. ಅಲ್ಲಿಯವರೆಗೆ ಅವ್ವ ಬರೀ ಕಳ್ಳಿ. ನಾನು ಬಾಯಿ ತೆರೆದ ಮೇಲೆ ಮಗಳಿಗೆ ಸುಳ್ಳು ಕಲಿಸಿದ ಕಳ್ಳಿ.

ಹದಿನೆಂಟು ವರ್ಷ ಆ ಮಾತು ನಮ್ಮ ಮನೆಯಲ್ಲಿ ಉಂಡು ತಿಂದು ಬೆಳೆಯಿತು. ಡಬ್ಬಿಯಲ್ಲಿ ಸಕ್ಕರೆ ತೀರಿದರೆ "ಅದೂ ಕಣಗಲಾಕ್ಕ ಹೋತೇನ?" ಆಯಿ ಅವ್ವನನ್ನು ಹೆಸರಿಟ್ಟು ಕರೆಯುವುದನ್ನೇ ಬಿಟ್ಟಳು. ಅವ್ವ 'ಕಣಗಲಾದಾಕಿ' ಆದಳು. ಓಣಿಯೂ ಕಲಿಯಿತು. ಯಾರದೋ ಚಪ್ಪಲಿ ಕಳೆದರೆ, ಕರು ತಪ್ಪಿಸಿಕೊಂಡರೆ, "ಕಣಗಲಾಕ್ಕ ಹೋಗಿರಬೇಕ ನೋಡ" ಎಂದು ನಗುತ್ತಾರೆ. ಎಲ್ಲಿಂದ ಬಂದ ಮಾತು ಎಂದು ಗೊತ್ತಿಲ್ಲದ ಹೊಸ ಸೊಸೆಯಂದಿರೂ ಅನ್ನುತ್ತಾರೆ. ಅವ್ವ ತಾನೂ ಒಂದಿಷ್ಟು ನಗುತ್ತಾಳೆ. ಅಪ್ಪ ಪೇಪರ್ ತಿರುವುತ್ತಾನೆ. ನನಗೆ ನಗಲು ಬರಲಿಲ್ಲ. ಓದಿ, ಪದವಿ ಮೇಲೆ ಪದವಿ ತಗೊಂಡು, ಕೈಗೆ ಪಗಾರ ಬಂದ ಮೇಲೆ ಯಂತ್ರ ತರಿಸಿದೆ.

ಬಾಜೂಮನೆಯ ಕೂಸಿನ ಬೆಳ್ಳಿ ಉಡದಾರವನ್ನು ಅರ್ಧ ತಾಸು ಕೇಳಿ ಪಡೆದು ಅಂಗಳದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಪರೀಕ್ಷಿಸಿದೆ. ಕೊಂಡಿಗಳು ಗೊಣಗಿದವು. ಆದರೆ ತುದಿಯ ಗಟ್ಟಿ ಗುಂಡಿನ ಮೇಲೆ ಬಳೆ ಬಂದಾಗ ಯಂತ್ರ ತೆಳ್ಳಗೆ, ಸ್ಪಷ್ಟವಾಗಿ ಕೂಗಿತು. ಪರದೆಯ ಮೇಲೆ ಎಪ್ಪತ್ತೊಂದು. ನೀರಲ್ಲಿ ಎಪ್ಪತ್ತೊಂದು, ಹೊರಗೆ ಎಪ್ಪತ್ತೊಂದು, ತೊಟ್ಟಿಯಲ್ಲಿ ಕೆಸರು ಹಾಕಿ ಮುಚ್ಚಿದರೂ ಎಪ್ಪತ್ತು ಎಪ್ಪತ್ತೊಂದು. ಆ ಅಂಕಿಯನ್ನು ನಾನು ಪಾಠದಂತೆ ಬಾಯಿಪಾಠ ಮಾಡಿಕೊಂಡೆ.

ಬೇಸಿಗೆಯಲ್ಲಿ ಹೊಳೆ ಇಳಿದಾಗ ಭಾನುವಾರಗಳನ್ನು ಅದಕ್ಕೇ ಮೀಸಲಿಟ್ಟೆ. ಧುಪದಾಳದಲ್ಲಿ ತಗಡಿನ ಕೆಲಸ ಮಾಡುವ ರಾಜೇಸಾಬ ಕಾಕಾ ಇದ್ದಾರೆ. ನೀರಿನ ತಳದಿಂದ ಮರಳೆತ್ತಲು ತೂತುಗಳ ಬುಟ್ಟಿಯೊಂದು ಬೇಕು, ಉದ್ದ ಹಿಡಿಕೆ ಇರಬೇಕು ಎಂದು ಚಿತ್ರ ಬರೆದು ಅಳತೆ ಹಾಕಿ ಕೊಟ್ಟೆ. ಅವರು ಚಿತ್ರ ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕ ಜಾರಿ ಅಂತಾರ ಮಗಳ. ಬೂಂದಿ ಕರಿಯೂ ಜಾರಿ. ದೊಡ್ಡದ ಮಾಡಿ ಕೊಡ್ತೇನಿ, ಮದಿವಿಗೂ ಬರತೈತಿ."

ಮದುವೆಗೆ ಬರಲಿಲ್ಲ, ಹೊಳೆಗೆ ಬಂತು. ಆ ಬುಟ್ಟಿಯಲ್ಲಿ ನಾನು ಎತ್ತಿದ ಸಾಮಾನುಗಳ ಪಟ್ಟಿ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. ಕಾಲುಂಗುರಗಳು, ಎಲ್ಲವೂ ಒಂಟಿ. ಹಿತ್ತಾಳೆಯ ಕೀಲಿ. ಹರಕೆಗೆ ಎಸೆದ ನಾಣ್ಯಗಳು, ಅವನ್ನು ಮರಳಿ ನೀರಿಗೇ ಬಿಟ್ಟೆ. ಒಂದು ಸ್ಟೀಲ್ ಚಮಚದ ಮೇಲೆ ಯಾರದೋ ಹೆಸರು, 'ಇವರಿಂದ ಉಡುಗೊರೆ' ಎಂದು. ದಂಡೆಯ ಮೇಲೆ ಬೀಡಿ ಸೇದುತ್ತ ಕೂತವರಿಗೆ ನಾನೇ ಆ ಬೇಸಿಗೆಯ ಆಟ.

"ಅಕ್ಕೋರ, ಹೊನ್ನಿನ ಹಂಡೆ ಸಿಕ್ತೇನ್ರಿ?"

"ಇಲ್ಲರಿ."

"ಸಿಕ್ರ ನಮಗೊಂದ ಪಾಲ ಇರ್ಲಿರಿ."

"ಇಲ್ಲಿ ಬರ್ರಿ, ಚಮಚಾ ಐತಿ."

ಅದಾದ ಮೇಲೆ ಅವರು ಸ್ವಲ್ಪ ದೂರ ಕೂತರು. ಮೊಣಕಾಲು ನೀರಲ್ಲಿ, ಸಲ್ವಾರ್ ಮಡಚಿ, ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನಿಂತ ಹುಡುಗಿಗೆ ಎರಡು ಸಂಬಂಧಗಳು ತಪ್ಪಿದವು ಎಂದು ಆಮೇಲೆ ಗೊತ್ತಾಯಿತು. ಯಂತ್ರದ ಗುಣಗಳಲ್ಲಿ ಇದನ್ನು ಅಂಗಡಿಯವನು ಹೇಳಿರಲಿಲ್ಲ.

ಸಂಜೆ ಬಂದಾಗಲೆಲ್ಲ ಆಯಿ ಕೇಳುವಳು: "ಸಿಕ್ಕಿತೇನ?" ನಾನು ಇಲ್ಲ ಎನ್ನುವೆ. "ಎಷ್ಟ ಮಹಾಪೂರ ಬಂದ ಹೋದವು. ಬಿದ್ದಿದ್ರ ಅದು ಇಷ್ಟೊತ್ತಿಗಿ ಸಮುದ್ರ ಸೇರಿರತೈತಿ. ಅದೂ ಖರೇನ ಬಿದ್ದಿದ್ರ," ಎಂದು ಅಡಿಕೆ ಬಾಯಿಗೆ ಹಾಕಿಕೊಳ್ಳುವಳು. ಒಂದು ಸಂಜೆ ಅವ್ವ ನನ್ನ ಒದ್ದೆ ಬಟ್ಟೆ ಹಿಂಡುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು:

"ಹೊಳ್ಯಾಗ ಬಿತ್ತು ಅಂತ ನಾ ಒಂದ ದಿನಾನೂ ಅಂದಿಲ್ಲ. ನಂಗ ಗೊತ್ತಿಲ್ಲ ಅಂದಿದ್ದೆ. ಬಿತ್ತು ಅಂದಾಕಿ ನೀ."

ಅಂದರೆ ನಾನು ಇಡೀ ಬೇಸಿಗೆ ಹುಡುಕುತ್ತಿದ್ದದ್ದು ಅವ್ವನ ಮಾತನ್ನಲ್ಲ, ನನ್ನದನ್ನು. ಮುಂದಿನ ಭಾನುವಾರ ಮತ್ತೆ ಹೋದೆ. ಹಟ ಎಂದರೆ ಹಟ.

ಮಳೆ ಹಿಡಿಯುವ ಮೊದಲಿನ ಕೊನೆಯ ಭಾನುವಾರ ಅದು. ಬರಿಗೈಲಿ ಬಂದು, ಯಂತ್ರವನ್ನು ಅಂಗಳದಲ್ಲಿ ತೊಳೆದು, ಒರೆಸಿ, ಬಾಗಿಲ ಹಿಂದೆ ನಿಲ್ಲಿಸಲು ಪಡಸಾಲೆ ದಾಟುತ್ತಿದ್ದೆ. ಹೆಡ್‌ಫೋನು ತೆಗೆದಿದ್ದೆ, ಯಂತ್ರ ಆರಿಸಿರಲಿಲ್ಲ. ಆಯಿ ಹೊರಸಿನ ಮೇಲೆ ಕೌದಿ ಹಾಸಿಕೊಂಡು ಅಡ್ಡಾಗಿದ್ದಳು. ಬಳೆ ಅವಳ ಮಗ್ಗುಲಿಂದ ಸರಿಯುವಾಗ ಯಂತ್ರ ತೆಳ್ಳಗೆ ಕೂಗಿತು.

ನಾನು ನಿಂತೆ. ಹಿಂದಕ್ಕೆ ಸರಿಸಿದೆ. ಮತ್ತೆ ಕೂಗಿತು. ಎಪ್ಪತ್ತೊಂದು.

"ಆಯಿ, ಸ್ವಲ್ಪ ಏಳ."

"ಯಾಕ, ನಾ ಕಳದೇನೇನ?"

"ಏಳ ಆಯಿ."

ಹೊರಸು ಕಟ್ಟಿಗೆಯದು, ಹಗ್ಗದ್ದು. ಮೊಳೆ ಕೂಡ ಇಲ್ಲ. ಆಯಿಯ ಕೈಯಲ್ಲಿ ಗಾಜಿನ ಬಳೆ. ಅವಳು ಎದ್ದು ಗೋಡೆಗೆ ಆನಿಕೊಂಡ ಮೇಲೂ ಕೌದಿ ಕೂಗುತ್ತಲೇ ಇತ್ತು. ನಡುವಿನಲ್ಲಲ್ಲ, ಒಂದು ಮೂಲೆಗೆ ಹತ್ತಿರ.

"ಸೂಜಿ ಮುರದ ಉಳದಿರತೈತಿ," ಎಂದಳು ಆಯಿ.

"ಸೂಜಿ ಕಬ್ಬಿಣ. ಕಬ್ಬಿಣಕ್ಕ ಇದು ಹಿಂಗ ಒದರೂದಿಲ್ಲ, ಗೊರಕಿ ಹೊಡೀತೈತಿ."

"ಹಂಗಾದ್ರ ನಿನ್ನ ಮಷಿನ್ ಕೆಟ್ಟೈತಿ."

ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೌದಿಯನ್ನು ನೋಡಿ, ಅದರ ಅಂಚಿನ ಬಿಟ್ಟುಕೊಂಡ ಮೂಲೆಯನ್ನು ಎತ್ತಿ ಹಿಡಿದಳು. ಒಳಗಿನ ಪದರ ಕಾಣಿಸಿತು. ಬಣ್ಣ ಹೋದ ಹಳದಿ ಅಂಚು.

ಕೌದಿ ಹರಿದರೆ ಅದನ್ನು ಎಸೆಯುವುದಿಲ್ಲ. ಹೊಸ ಕೌದಿಯ ಒಳಪದರವಾಗಿ ಹಾಕಿ ಮೇಲೆ ಹೊಲಿಯುತ್ತಾರೆ. ಆಯಿ ಒಂದೇ ಇಳಕಲ್ ಸೀರೆಯ ಅಂಚಿನಿಂದ ಎರಡು ಕೌದಿಗಳಿಗೆ ಅಂಚು ಕೊಟ್ಟಿದ್ದಳು. ಅವಳಿಗೆ ನೆನಪಿದ್ದದ್ದು ಒಂದು. ಹೊಳೆಗೆ ಹೋಗಿ, ಹೊಲಿಗೆ ಬಿಟ್ಟು, ಹೋಳಿಗೆ ಕರಗಿಸಿಕೊಂಡು ಬಂದದ್ದು ಅದು. ಇನ್ನೊಂದು ಹರಿದು, ಮಡಚಿಕೊಂಡು, ಹೊಸದರ ಒಂದು ಮೂಲೆಯ ಒಳಗೆ ಸೇರಿತ್ತು. ಬೆಳ್ಳಿ ಕಳೆದ ಮೇಲೆ ತನ್ನ ಕೌದಿಯನ್ನು ಅವಳು ಹೊಳೆಗೆ ಕೊಟ್ಟಿರಲಿಲ್ಲ. ಅದರ ಮೇಲೆ ಮಲಗಿ, ನೆನಪಾದಾಗಲೆಲ್ಲ ಕಣಗಲಾಕ್ಕೆ ಬಯ್ದಿದ್ದಳು.

ನಾನು ಕತ್ತರಿ ತಂದೆ. ಅವ್ವ ನನ್ನ ಕೈ ಹಿಡಿದಳು.

"ಬಿಚ್ಚಬ್ಯಾಡ."

"ಅವ್ವಾ, ಇಲ್ಲೇ ಐತಿ."

"ಇರ್ಲಿ. ಈಗ ಬಿಚ್ಚಿದ್ರ ನೋಡಾವ್ರ ಯಾರು? ನೀ, ನಾ, ಗ್ವಾಡಿ." ಆಮೇಲೆ ಆಯಿಯ ಕಡೆ ತಿರುಗಿದಳು. ಅವ್ವ ಆಯಿಯನ್ನು ಅಷ್ಟು ನೆಟ್ಟಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. "ಅತ್ತಿ, ಮಾನಮಿಗಿ ಹೊಳಿಗಿ ಒಯ್ಯೂಣು. ಓಣ್ಯಾವ್ರೆಲ್ಲಾ ಬರ್ತಾರ. ನೀವಽ ಹೊಲಿದದ್ದು, ನೀವಽ ಬಿಚ್ಚರಿ. ಏನ ಸಿಗತೈತಿ ಅದನ್ನ ನೀವಽ ಎಲ್ಲಾರ ಮುಂದ ಅನ್ರಿ. ಇಷ್ಟಽ ನಾ ಕೇಳೂದು."

"ಏನೂ ಸಿಗಲಿಲ್ಲಂದ್ರ?"

"ಅದನ್ನೂ ಅನ್ರಿ."

ಮಾನಮಿಗೆ ಇನ್ನೂ ನಾಲ್ಕು ತಿಂಗಳಿತ್ತು. ಆ ನಾಲ್ಕು ತಿಂಗಳು ನಾನು ಪಟ್ಟ ಪಾಡು ಯಾವ ಪರೀಕ್ಷೆಗೂ ಪಟ್ಟಿಲ್ಲ. ಒಳಗಿರುವುದು ಉಡದಾರವೇ ಎಂದು ಯಂತ್ರ ಹೇಳಿಲ್ಲ, ಎಪ್ಪತ್ತೊಂದು ಎಂದಷ್ಟೇ ಹೇಳಿದೆ. ಎಪ್ಪತ್ತೊಂದು ಬೇರೆಯದೂ ಇರಬಹುದು, ಹಳೆಯ ನಾಣ್ಯವೋ ಗುಂಡಿಯೋ. ಓಣಿಯ ಮುಂದೆ ಒಂದು ಅಂಗಿಯ ಗುಂಡಿ ಹೊರಬಿದ್ದರೆ ಅವ್ವ ಎಲ್ಲಿ ನಿಲ್ಲಬೇಕು? ಆಯಿ ಗುಟ್ಟಾಗಿ ಬಿಚ್ಚಿ ತೆಗೆದರೆ? ಪ್ರತಿ ಭಾನುವಾರ ಬೆಳಿಗ್ಗೆ ಯಂತ್ರ ಹಿಡಿದು ಹೊರಸಿನ ಹತ್ತಿರ ಹೋಗುತ್ತಿದ್ದೆ.

"ಬಂದ್ಲು ನೋಡ, ನನ್ನ ತಪಾಸ ಮಾಡಾಕ," ಎನ್ನುವಳು ಆಯಿ. ಆದರೆ ಕಾಲು ಮಡಚಿ ಜಾಗ ಬಿಡುವಳು. ಯಂತ್ರ ಕೂಗಿದ ಮೇಲೆ ಮತ್ತೆ ಕಾಲು ಚಾಚುವಳು. ಅವಳು ತೆಗೆಯಲಿಲ್ಲ. ಇದೊಂದನ್ನು ಅವಳ ಪರವಾಗಿ ಬರೆಯಲೇಬೇಕು. ನಾಲ್ಕು ತಿಂಗಳು ಅದರ ಮೇಲೆಯೇ ಮಲಗಿದಳು, ಕಣಗಲಾದ ಹೆಸರನ್ನು ಒಂದು ಸಲವೂ ಎತ್ತಲಿಲ್ಲ.

ಮಾನಮಿ ಹತ್ತಿರ ಬಂತು. ಹೊಳೆಯಲ್ಲಿ ಓಣಿಯ ಹೆಂಗಸರು ಒಗೆಯುವ ಸೋಡಾ ಕಲಸುತ್ತಿದ್ದಾಗ ಅವ್ವ ಆಯಿಯನ್ನು ಒಣ ಬಂಡೆಯ ಮೇಲೆ ಕೂರಿಸಿ, ಮಡಿಲಿಗೆ ಕೌದಿ ಹಾಕಿ, ಬ್ಲೇಡು ಕೊಟ್ಟಳು. ನಾನು ಸಹಾಯ ಮಾಡಲು ಹೋಗಲಿಲ್ಲ. ಒಂದು ಪದರ ಬಿಚ್ಚಿದಳು, ಎರಡನೆಯದು, ಆಮೇಲೆ ಹಳದಿ ಅಂಚಿನದು. ಹೆಂಗಸರು ಒಬ್ಬೊಬ್ಬರಾಗಿ ಕೈ ಒರೆಸಿಕೊಂಡು ಸುತ್ತ ನಿಂತರು. ಒಳಗಿಂದ ಮೊದಲು ಒಣಗಿದ ಹೋಳಿಗೆಯ ಪುಡಿ ಉದುರಿತು. ಅದರ ಹಿಂದೆ ಕರ್ರಗಾದ ಒಂದು ಸರ, ತುದಿಗೆ ಗುಂಡು.

ಆಯಿ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು. ಒಡ್ಡಿನ ನೀರಿನ ಸದ್ದಿಗಿಂತ ದನಿ ಎತ್ತರಿಸಬೇಕಾಗಿತ್ತು, ಎತ್ತರಿಸಿದಳು.

"ನನ್ನ ಕೈಲೆ ಹೊಲಿದಿದ್ದೆ. ನನ್ನ ಮಗ್ಗಲಾಗ ಇತ್ತು. ಇಕಿ ತಗೊಂಡಿದ್ದಿಲ್ಲ."

ಆಯಿ ಉಡದಾರವನ್ನು ಅವ್ವನ ಕಡೆ ಚಾಚಿದಳು. "ತಗೋ."

ಅವ್ವ ಆಗಲೇ ಸೀರೆ ಎತ್ತಿ ಕಟ್ಟಿ, ಖಾಲಿ ಕೌದಿಯನ್ನು ನೀರಿಗೆಳೆಯುತ್ತಿದ್ದಳು. "ನಂಗ್ಯಾಕ್ರಿ ಅತ್ತಿ?" ಎಂದಳು. "ಕಣಗಲಾಕ್ಕ ಹೋದ ಸಾಮಾನ ಅದು."

ಮೊದಲು ಒಬ್ಬಳು ನಕ್ಕಳು, ಆಮೇಲೆ ಓಣಿಯೇ ನಕ್ಕಿತು. ಅವ್ವ ನಗಲಿಲ್ಲ. ಕೌದಿಯನ್ನು ಬಂಡೆಗೆ ಬಡಿಯತೊಡಗಿದಳು. ಹದಿನೆಂಟು ವರ್ಷಗಳ ಕೊಳೆ ಅದರಿಂದ ಹೊರಟಿತು.

ಉಡದಾರ ಈಗ ಪಡಸಾಲೆಯ ಗೂಟಕ್ಕೆ ತೂಗುತ್ತದೆ. ಯಾರೂ ಕಟ್ಟಿಕೊಂಡಿಲ್ಲ. ಆಯಿ ಅವ್ವನನ್ನು ಹೆಸರಿಟ್ಟು ಕರೆಯುವ ಅಭ್ಯಾಸ ಮಾಡುತ್ತಿದ್ದಾಳೆ, ನಡುನಡುವೆ ತಡವರಿಸುತ್ತಾಳೆ. ಇನ್ನು ಆ ಕೋಲು ಮಾರಿಬಿಡು ಎಂದು ಅಪ್ಪ ಪೇಪರಿನ ಹಿಂದಿನಿಂದ ಹೇಳಿದ. ಮಾರಲಿಲ್ಲ. ಈ ಬೇಸಿಗೆಯೂ ಹೊಳೆಗೆ ಇಳಿದಿದ್ದೇನೆ. ದಂಡೆಯ ಮೇಲಿನವರು ಈಗ ಕೇಳುವುದೇ ಬೇರೆ.

"ಅಕ್ಕೋರ, ಅದು ಮನ್ಯಾಗ ಸಿಕ್ತಂತಲ್ಲರಿ. ಮತ್ತೇನ ಹುಡಕತೀರಿ?"

ನಾನು ನಿಂತಿರುವುದು ಆ ದಿನ ಅವ್ವ ಒಗೆಯುತ್ತಿದ್ದ ಬಂಡೆಯ ಕೆಳಗೆ, ಎಡಕ್ಕೆ ಎರಡು ಮಾರು. ನನಗೆ ಏಳು ವರ್ಷ, ಕಾಲಿಗೆ ಮೀನು ಕಚಗುಳಿಯಿಡುತ್ತಿತ್ತು, ಇಲ್ಲಿ ಏನೋ ಹೊಳೆದು ನೀರಿಗೆ ಬಿತ್ತು. ಅದು ಉಡದಾರ ಆಗಿರಲಿಲ್ಲ, ಒಪ್ಪಿದೆ. ಆದರೆ ನಾನು ನೋಡಿದ್ದು ನೋಡಿದ್ದೇ.